ಎಲೆಯ ಹಸಿರನ್ನು ಕಾಗದದ ಮೇಲೆ ಬಿಡಿಸುವ ಬಗೆ

ಜುಲೈ ಮಳೆಯಲ್ಲಿ ಖಾನಾಪುರದ ಪ್ರಯೋಗಾಲಯದಲ್ಲಿ ತೆಗೆದ ಕ್ರೊಮ್ಯಾಟೋಗ್ರಾಫಿ (ಬೆರೆತ ಬಣ್ಣಗಳನ್ನು ಬೇರ್ಪಡಿಸುವ ವಿಧಾನ) ಪಟ್ಟಿಯನ್ನೂ ಮಾರ್ಚ್ ಬಿಸಿಲಿನಲ್ಲಿ ವಿಜಯಪುರದಲ್ಲಿ ತೆಗೆದ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಅದೇ ಪಾಲಕ್, ಅದೇ ಕಾಗದ, ಅದೇ ದ್ರಾವಕ ಇದ್ದರೂ ಬಣ್ಣದ ಪಟ್ಟೆಗಳ ಎತ್ತರ ಬೇರೆ ಬರುತ್ತದೆ, ಅಂಚಿನ ಚೊಕ್ಕತನ ಬೇರೆ ಬರುತ್ತದೆ. ಪಿಯುಸಿ ವಿದ್ಯಾರ್ಥಿಗಳು ತಮ್ಮ ಅಳತೆ ಕೈಪಿಡಿಯ ಅಂಕಿಗೆ ಹೊಂದಲಿಲ್ಲವೆಂದು ರೆಕಾರ್ಡ್ ಪುಸ್ತಕದಲ್ಲಿ ಅಂಕಿ ತಿದ್ದುವುದು ಇದರಿಂದಲೇ. ತಿದ್ದುವ ಅಗತ್ಯವಿಲ್ಲ. ಈ ಪ್ರಯೋಗದಲ್ಲಿ ಆಗುವ ಬಹಳಷ್ಟು ಏರುಪೇರಿಗೆ ಮೂಲ ನೀರು. ಎಲೆಯೊಳಗಿನ ನೀರು, ಕಾಗದದೊಳಗಿನ ನೀರು, ಗಾಳಿಯ ತೇವ. ಈ ಮೂರನ್ನೂ ಹಿಡಿತದಲ್ಲಿ ಇಟ್ಟುಕೊಂಡರೆ ಎಲೆಯ ನಾಲ್ಕು ಬಣ್ಣಗಳ (ಕ್ಯಾರೊಟೀನ್, ಕ್ಸಾಂಥೋಫಿಲ್, ಕ್ಲೋರೋಫಿಲ್ ಎ, ಕ್ಲೋರೋಫಿಲ್ ಬಿ) ಪಟ್ಟೆಗಳು ಸುಲಭವಾಗಿ ಬಿಡಿಸಿಕೊಳ್ಳುತ್ತವೆ.

ಕಾಗದದೊಳಗೆ ನಡೆಯುವುದೇನು

ಫಿಲ್ಟರ್ ಕಾಗದವೆಂದರೆ ಬಹುತೇಕ ಶುದ್ಧ ಸೆಲ್ಯುಲೋಸ್. ಸೆಲ್ಯುಲೋಸ್ ಎಳೆಗಳ ಉದ್ದಕ್ಕೂ ಹೈಡ್ರಾಕ್ಸಿಲ್ ಗುಂಪುಗಳಿವೆ. ಅವು ಗಾಳಿಯ ತೇವವನ್ನು ಎಳೆದು ಹಿಡಿದುಕೊಳ್ಳುತ್ತವೆ. ಮುಟ್ಟಿದರೆ ಗರಿಗರಿ ಎನ್ನಿಸುವ ಕಾಗದದಲ್ಲೂ ತೆಳ್ಳನೆಯ ನೀರು ಇದ್ದೇ ಇರುತ್ತದೆ. ಈ ನೀರು, ಸೆಲ್ಯುಲೋಸ್ ಎರಡೂ ಜಾಗ ಬಿಟ್ಟು ಕದಲುವುದಿಲ್ಲ. ಇದು ಸ್ಥಿರ ಹಂತ. ಕಂದೀಲಿನ ಬತ್ತಿ ಎಣ್ಣೆ ಏರಿಸಿಕೊಳ್ಳುವಂತೆ ಕಾಗದ ಕೆಳಗಿನ ದ್ರಾವಕವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಅದು ಚಲಿಸುವ ಹಂತ. ಬಣ್ಣದ ಪ್ರತಿಯೊಂದು ಅಣುವೂ ಒಮ್ಮೆ ಕಾಗದಕ್ಕೆ ಅಂಟಿ ನಿಲ್ಲುತ್ತದೆ, ಒಮ್ಮೆ ದ್ರಾವಕದಲ್ಲಿ ಕರಗಿ ಮುಂದೆ ಸಾಗುತ್ತದೆ. ಯಾವುದು ಹೆಚ್ಚು ಹೊತ್ತು ದ್ರಾವಕದಲ್ಲಿ ಇರುತ್ತದೋ ಅದು ಮೇಲೆ ಹೋಗುತ್ತದೆ.

ಅಣುವಿನ ರಚನೆ ನೋಡಿದರೆ ಪಟ್ಟೆಗಳ ಕ್ರಮವನ್ನು ಮೊದಲೇ ಹೇಳಬಹುದು. ಕ್ಯಾರೊಟೀನ್‌ನಲ್ಲಿ ಇರುವುದು 40 ಕಾರ್ಬನ್, 56 ಹೈಡ್ರೋಜನ್, ಅಷ್ಟೇ. ನೀರಿನ ಸಹವಾಸ ಅದಕ್ಕೆ ಬೇಡ. ದ್ರಾವಕದ ಜೊತೆಗೇ ಓಡುತ್ತದೆ. ಕ್ಸಾಂಥೋಫಿಲ್ ಗುಂಪಿನ ಲೂಟೀನ್‌ಗೆ ಅದೇ ಮೈಕಟ್ಟು, ಆದರೆ ಎರಡು ಹೈಡ್ರಾಕ್ಸಿಲ್ ಗುಂಪು ಹೆಚ್ಚಿಗೆ; ಹಾಗಾಗಿ ತುಸು ಹಿಂದೆ. ಕ್ಲೋರೋಫಿಲ್‌ನ ತಲೆಯಲ್ಲಿ ಮೆಗ್ನೀಸಿಯಂ ಹಿಡಿದ ಉಂಗುರ, ಸುತ್ತಲೂ ಆಮ್ಲಜನಕವಿರುವ ಗುಂಪುಗಳು. ಅದು ಕಾಗದಕ್ಕೆ ಇನ್ನೂ ಗಟ್ಟಿಯಾಗಿ ಅಂಟುತ್ತದೆ. ಕ್ಲೋರೋಫಿಲ್ ಎ ಮತ್ತು ಬಿ ನಡುವಿನ ಅಂತರ ಒಂದೇ ಒಂದು ಜಾಗದ್ದು: ಎ-ಯಲ್ಲಿ ಮೀಥೈಲ್ ಗುಂಪು ಇರುವಲ್ಲಿ ಬಿ-ಯಲ್ಲಿ ಆಲ್ಡಿಹೈಡ್ ಗುಂಪು ಇದೆ. ಇಷ್ಟು ಸಣ್ಣ ವ್ಯತ್ಯಾಸ ಕಾಗದದ ಮೇಲೆ ಬರಿಗಣ್ಣಿಗೆ ಕಾಣುವ ಎರಡು ಹಸಿರಾಗಿ ಹೊರಬೀಳುತ್ತದೆ. ಈ ಪ್ರಯೋಗದ ನಿಜವಾದ ಸೊಗಸು ಇದೇ ಎಂಬುದು ನಮ್ಮ ಅಭಿಪ್ರಾಯ.

ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ 1903ರಲ್ಲಿ ವಾರ್ಸಾದಲ್ಲಿ ಈ ವಿಧಾನವನ್ನು ಮಂಡಿಸಿದಾಗ ಕಾಗದ ಬಳಸಿರಲಿಲ್ಲ. ಗಾಜಿನ ಕೊಳವೆಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್‌ನಂಥ ಪುಡಿಗಳನ್ನು ತುಂಬಿ ಅದರ ಮೇಲೆ ಎಲೆಯ ಸಾರ ಸುರಿಯುತ್ತಿದ್ದರು. ಬಣ್ಣಗಳು ಉಂಗುರಗಳಾಗಿ ಬೇರೆಯಾಗುತ್ತಿದ್ದವು. ಕ್ರೊಮ್ಯಾಟೋಗ್ರಾಫಿ ಎಂಬ ಹೆಸರನ್ನು ಅವರು 1906ರಲ್ಲಿ ಬಳಸಿದರು. ಕಾಗದದ ವಿಧಾನ ಬಂದದ್ದು 1944ರಲ್ಲಿ, ಕಾನ್ಸ್‌ಡನ್, ಗಾರ್ಡನ್ ಮತ್ತು ಮಾರ್ಟಿನ್ ಅವರಿಂದ. ಅದಕ್ಕೆ ತಳಹದಿಯಾದ ವಿಭಜನಾ ಕ್ರೊಮ್ಯಾಟೋಗ್ರಾಫಿಗೆ (ವಸ್ತುಗಳು ಎರಡು ದ್ರವಗಳ ನಡುವೆ ಹಂಚಿಹೋಗುವುದನ್ನು ಬಳಸಿ ಬೇರ್ಪಡಿಸುವ ವಿಧಾನ) ಮಾರ್ಟಿನ್ ಹಾಗೂ ಸಿಂಜ್ ಅವರಿಗೆ 1952ರ ರಸಾಯನಶಾಸ್ತ್ರ ನೊಬೆಲ್ ಸಂದಿತು.

ಯಾವ ತಪ್ಪಲು ತರಬೇಕು

ಸಂತೆಯಲ್ಲಿ ಸಿಗುವ ಪಾಲಕ್ ಸಾಕು. ಮೆಂತ್ಯೆ ಪಲ್ಲೆಯೂ ಚೆನ್ನಾಗಿ ಬರುತ್ತದೆ. ಬಣ್ಣ ದಟ್ಟ, ಎಲೆ ಮೆತ್ತಗೆ, ಅರೆಯಲು ಸುಲಭ. ಕಬ್ಬಿನ ಗರಿ, ಜೋಳದ ಗರಿ ಊರ ಸುತ್ತ ಬೇಕಾದಷ್ಟಿದ್ದರೂ ನಾರು ಹೆಚ್ಚು. ಕತ್ತರಿಯಿಂದ ಎಳೆಎಳೆಯಾಗಿ ಕತ್ತರಿಸದೆ ಅರೆದರೆ ಸಾರ ತೆಳ್ಳಗಾಗುತ್ತದೆ.

ಪುಂಡಿ ಪಲ್ಲೆಯನ್ನು ಮಾತ್ರ ಮೊದಲ ಸಲಕ್ಕೆ ತರಬೇಡಿ. ಅದರ ಹುಳಿಯೇ ಅಡ್ಡಿ. ಹುಣಸೆ ಚಿಗುರಿಗೂ ಇದೇ ಮಾತು. ಎಲೆ ಅರೆದಾಗ ಜೀವಕೋಶಗಳೊಳಗಿನ ಆಮ್ಲ ಹೊರಬಂದು ಕ್ಲೋರೋಫಿಲ್‌ನ ನಡುವಿನ ಮೆಗ್ನೀಸಿಯಂ ಕಿತ್ತು ಅಲ್ಲಿ ಹೈಡ್ರೋಜನ್ ಕೂರಿಸುತ್ತದೆ. ಆಗ ಹುಟ್ಟುವುದು ಫಿಯೋಫೈಟಿನ್, ಬೂದುಮಿಶ್ರಿತ ಮಂಕು ಬಣ್ಣದ್ದು. ಪುಂಡಿ ಪಲ್ಲೆ ಬೇಯುವಾಗ ಹಸಿರು ಹೋಗಿ ಕಂದಾಗುವುದೂ ಇದೇ ಕ್ರಿಯೆ. ಪಾಲಕ್‌ನಲ್ಲೂ ಆಕ್ಸಾಲಿಕ್ ಆಮ್ಲ ಇದೆಯಾದ್ದರಿಂದ ಕಾಗದದ ಮೇಲೆ ಕ್ಯಾರೊಟೀನ್‌ನ ಕೆಳಗೆ ತೆಳು ಬೂದು ಪಟ್ಟೆಯೊಂದು ಕಂಡರೆ ಅದನ್ನು ಐದನೇ ವರ್ಣಕವೆಂದು (ಎಲೆಯ ಬಣ್ಣದ ವಸ್ತುವೆಂದು) ಬರೆಯಬಾರದು. ಅದು ಪ್ರಯೋಗದ ವೇಳೆ ಕೆಟ್ಟ ಕ್ಲೋರೋಫಿಲ್.

ಇದಕ್ಕೆ ಪರಿಹಾರ, ಅರೆಯುವಾಗಲೇ ಒಂದು ಚಿಟಿಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಹಾಕುವುದು. ಬಾಗಲಕೋಟೆ, ಲೋಕಾಪುರ ಸುತ್ತಲಿನ ಸುಣ್ಣಕಲ್ಲಿನಲ್ಲಿರುವ ಮುಖ್ಯ ವಸ್ತುವೂ ಇದೇ, ತ್ಸ್ವೆಟ್ ಕೊಳವೆಯಲ್ಲಿ ತುಂಬಿದ್ದೂ ಇದೇ. ಕರಿಹಲಗೆಯ ಸೀಮೆಸುಣ್ಣ ಕುಟ್ಟಿ ಹಾಕುವವರಿದ್ದಾರೆ. ಅದು ಹಲವು ಸಲ ಜಿಪ್ಸಂನದ್ದಾಗಿರುತ್ತದೆ, ಜಿಪ್ಸಂ ಆಮ್ಲವನ್ನು ತಣಿಸುವುದಿಲ್ಲ. ಪುಡಿಯ ಮೇಲೆ ಲಿಂಬೆರಸದ ಹನಿ ಬಿಟ್ಟು ನೋಡಿ: ಗುಳ್ಳೆ ಎದ್ದರೆ ಕಾರ್ಬೊನೇಟ್, ಸುಮ್ಮನಿದ್ದರೆ ಜಿಪ್ಸಂ. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಬೇಡವೇ ಬೇಡ. ಅದು ಬಲವಾದ ಕ್ಷಾರ. ಕ್ಲೋರೋಫಿಲ್ ಅಣುವಿನ ಉದ್ದ ಬಾಲವನ್ನೇ ಕತ್ತರಿಸಿ ಉಳಿದ ಅಣುವನ್ನು ನೀರಿನಲ್ಲಿ ಕರಗುವಂತೆ ಮಾಡುತ್ತದೆ, ಆಗ ಹಸಿರು ಬಣ್ಣ ಸಾರ ಹಚ್ಚಿದ ಪೆನ್ಸಿಲ್ ಗೆರೆಯನ್ನು ಬಿಟ್ಟು ಮೇಲೇಳುವುದಿಲ್ಲ.

ಸಾರ ತೆಗೆಯುವುದು, ನೀರು ಕಳೆಯುವುದು

ನಡುವಿನ ನರ, ದಂಟು ತೆಗೆದು 5 ಗ್ರಾಂ ಎಲೆಯನ್ನು ಸಣ್ಣಗೆ ಹೆಚ್ಚಿ. ತೊಳೆದಿದ್ದರೆ ಬಟ್ಟೆಯಿಂದ ಪೂರಾ ಒರೆಸಿ. ಪಿಂಗಾಣಿ ಖಲಬತ್ತದಲ್ಲಿ ಹಾಕಿ, ತೊಳೆದು ಒಣಗಿಸಿದ ಒಂದು ಚಮಚ ಮರಳು, ಚಿಟಿಕೆ ಕಾರ್ಬೊನೇಟ್ ಸೇರಿಸಿ, 10 ಮಿ.ಲೀ. ಅಸಿಟೋನ್ ಅನ್ನು ಎರಡು ಮೂರು ಕಂತಿನಲ್ಲಿ ಹಾಕುತ್ತ ಅರೆಯಿರಿ. ಎರಡು ಮೂರು ನಿಮಿಷದಲ್ಲಿ ದ್ರವ ಕಡುಹಸಿರಾಗಬೇಕು. ಹತ್ತಿ ಅಥವಾ ಫಿಲ್ಟರ್ ಕಾಗದದಲ್ಲಿ ಸೋಸಿ ಮುಚ್ಚಳವಿರುವ ಸಣ್ಣ ಬಾಟಲಿಗೆ ತುಂಬಿ. ಬಿಸಿಲಿಗೆ ಇಡಬೇಡಿ, ಎಲೆಯಿಂದ ಹೊರಬಂದ ಕ್ಲೋರೋಫಿಲ್ ಬೆಳಕಿಗೆ ಬೇಗ ಬಿಳುಚುತ್ತದೆ. ಕಪ್ಪು ಕಾಗದ ಸುತ್ತಿ ನೆರಳಲ್ಲಿ ಇಟ್ಟು ಅದೇ ದಿನ ಬಳಸಿಬಿಡಿ.

ಕೈಪಿಡಿಗಳು ಇಲ್ಲಿಗೆ ನಿಲ್ಲಿಸಿ ಕಾಗದದ ಮೇಲೆ ಸಾರದ ಚುಕ್ಕೆ ಇಡಲು ಹೇಳುತ್ತವೆ. ಲೆಕ್ಕ ಹಾಕಿ ನೋಡಿ. ಪಾಲಕ್‌ನ ತೂಕದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ನೀರೇ. 5 ಗ್ರಾಂ ಎಲೆಯಿಂದ ಸುಮಾರು 4.5 ಮಿ.ಲೀ. ನೀರು ಆ ಅಸಿಟೋನ್ ಜೊತೆ ಬೆರೆತಿದೆ. ಅಂದರೆ ಬಾಟಲಿಯಲ್ಲಿರುವುದರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ನೀರು. ಈ ಸಾರದ ಹನಿ ಕಾಗದಕ್ಕೆ ಮುಟ್ಟಿದ ಕೂಡಲೇ ಅಸಿಟೋನ್ ಹಾರಿಹೋಗುತ್ತದೆ, ನೀರು ಉಳಿಯುತ್ತದೆ. ಚುಕ್ಕೆ ಅಗಲವಾಗುತ್ತದೆ. ಆಮೇಲೆ ಜಾಡಿಯಲ್ಲಿ ದ್ರಾವಕವಾಗಿ ಏರುವ, ನೀರಿನ ಜೊತೆ ಬೆರೆಯದ ಪೆಟ್ರೋಲಿಯಂ ಈಥರ್ ಆ ಒದ್ದೆ ಚುಕ್ಕೆಯೊಳಗೆ ನುಗ್ಗಲಾರದೆ ಬಳಸಿಕೊಂಡು ಹೋಗುತ್ತದೆ; ಬಣ್ಣ ಅಲ್ಲೇ ಕೂರುತ್ತದೆ. "ಬಣ್ಣ ಮೇಲೆ ಏರಲೇ ಇಲ್ಲ" ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದು.

ನೀರು ಇನ್ನೊಂದು ಬಗೆಯಲ್ಲೂ ಕೆಡಿಸುತ್ತದೆ. ಎಲೆಯಲ್ಲಿ ಕ್ಲೋರೋಫಿಲೇಸ್ ಎಂಬ ಕಿಣ್ವವಿದೆ. ನೀರು ಬೆರೆತ ಅಸಿಟೋನ್‌ನಲ್ಲಿ ಅದು ಸಾಯುವುದಿಲ್ಲ, ಕೆಲಸ ಮಾಡುತ್ತಲೇ ಇರುತ್ತದೆ. ಕ್ಲೋರೋಫಿಲ್‌ನ ಬಾಲ ಕಡಿದು ಕ್ಲೋರೋಫಿಲೈಡ್ ಮಾಡುತ್ತದೆ. ಬಾಲವಿಲ್ಲದ ಅಣು ಪೆಟ್ರೋಲಿಯಂ ಈಥರ್‌ನಲ್ಲಿ ಕರಗದೆ ಪೆನ್ಸಿಲ್ ಗೆರೆಯ ಮೇಲೇ ಹಸಿರು ಕಲೆಯಾಗಿ ಉಳಿಯುತ್ತದೆ. ಅರೆದ ಸಾರವನ್ನು ಬೆಳಗಿನಿಂದ ಸಂಜೆಯವರೆಗೆ ಇಟ್ಟು ಬಳಸಿದರೆ ಈ ಕಲೆ ದೊಡ್ಡದಾಗುತ್ತದೆ.

ಹಾಗಾದರೆ ನೀರು ಕಳೆಯುವುದು ಹೇಗೆ? ಸುಲಭದ ದಾರಿ ನಿರ್ಜಲ ಸೋಡಿಯಂ ಸಲ್ಫೇಟ್. ಎಲೆಯ ಜೊತೆಗೇ 4-5 ಗ್ರಾಂ ಹಾಕಿ ಅರೆಯಿರಿ. ಪುಡಿ ಉಂಡೆಗಟ್ಟಿತೆಂದರೆ ಇನ್ನೂ ನೀರಿದೆ ಎಂದರ್ಥ, ಮತ್ತಷ್ಟು ಹಾಕಿ; ಪುಡಿ ಬಿಡಿಬಿಡಿಯಾಗಿ ಓಡಾಡತೊಡಗಿದರೆ ಸಾಕು. ಅಡುಗೆ ಉಪ್ಪು ಈ ಕೆಲಸ ಮಾಡುವುದಿಲ್ಲ.

ಇನ್ನೂ ಚೊಕ್ಕವಾದ ದಾರಿ ಬಣ್ಣವನ್ನೇ ಬೇರೆ ದ್ರಾವಕಕ್ಕೆ ದಾಟಿಸುವುದು. ಸೋಸಿದ 10 ಮಿ.ಲೀ. ಸಾರಕ್ಕೆ 5 ಮಿ.ಲೀ. ಪೆಟ್ರೋಲಿಯಂ ಈಥರ್, 10 ಮಿ.ಲೀ. ಉಪ್ಪುನೀರು (100 ಮಿ.ಲೀ.ಗೆ 10 ಗ್ರಾಂ ಉಪ್ಪು) ಸೇರಿಸಿ ಬಿರಡೆ ಹಾಕಿದ ದೊಡ್ಡ ಪ್ರನಾಳದಲ್ಲೋ ಬೇರ್ಪಡಿಸುವ ಆಲಿಕೆಯಲ್ಲೋ ನಿಧಾನ ತಿರುಗಿಸಿ, ಆಗಾಗ ಬಿರಡೆ ತೆಗೆದು ಆವಿ ಬಿಡಿ. ಜೋರಾಗಿ ಕುಲುಕಿದರೆ ಮಜ್ಜಿಗೆ ನೊರೆಯಾಗಿ ಪದರಗಳು ಬೇರೆಯಾಗಲು ಬಹಳ ಹೊತ್ತು ಹಿಡಿಯುತ್ತದೆ. ಐದು ನಿಮಿಷ ನಿಲ್ಲಿಸಿದರೆ ಕಡುಹಸಿರು ಪದರ ಮೇಲೆ ನಿಲ್ಲುತ್ತದೆ. ನೀರು, ಅಸಿಟೋನ್, ಆಮ್ಲ ಕೆಳಗಿಳಿಯುತ್ತವೆ. ಕೆಳಗಿನದನ್ನು ತೆಗೆದು, ಮೇಲಿನದನ್ನು ಬರೀ ನೀರಿನಿಂದ ಇನ್ನೊಮ್ಮೆ ತೊಳೆದು, ಒಂದು ಗ್ರಾಂ ಸೋಡಿಯಂ ಸಲ್ಫೇಟ್ ಹಾಕಿ ಇಡಿ. ಕಾಲು ಗಂಟೆ ಹೆಚ್ಚಿಗೆ ಹಿಡಿದರೂ ಪಟ್ಟೆಗಳಲ್ಲಿ ಕಾಣುವ ವ್ಯತ್ಯಾಸಕ್ಕೆ ಈ ಶ್ರಮ ಸಾರ್ಥಕ.

ಕಾಗದ ಮತ್ತು ಚುಕ್ಕೆ

ವಾಟ್‌ಮನ್ ನಂಬರ್ 1 ಕಾಗದ. 2 ಸೆಂ.ಮೀ. ಅಗಲ, 15ರಿಂದ 18 ಸೆಂ.ಮೀ. ಉದ್ದ, ಜಾಡಿಯ ಎತ್ತರ ನೋಡಿಕೊಂಡು. ಅಂಚುಗಳನ್ನಷ್ಟೇ ಹಿಡಿಯಿರಿ, ಬೆರಳಿನ ಜಿಡ್ಡು ತಾಗಿದಲ್ಲಿ ದ್ರಾವಕದ ಓಟ ಬದಲಾಗುತ್ತದೆ. ಕೆಳತುದಿಯಿಂದ 2 ಸೆಂ.ಮೀ. ಮೇಲೆ ಪೆನ್ಸಿಲ್‌ನಿಂದ ಹಗುರಾಗಿ ಗೆರೆ ಎಳೆಯಿರಿ. ಬಾಲ್ ಪೆನ್ ಬಳಸಿದರೆ ಶಾಯಿಯೂ ಬಿಡಿಸಿಕೊಂಡು ಮೇಲೇರುತ್ತದೆ.

ಬೆಳಗಾವಿ, ಖಾನಾಪುರದ ಕಡೆ ಮಳೆಗಾಲದಲ್ಲಿ ಕಪಾಟಿನಿಂದ ತೆಗೆದ ಕಾಗದ ಆಗಲೇ ತೇವ ಕುಡಿದಿರುತ್ತದೆ. ಕತ್ತರಿಸಿದ ಪಟ್ಟಿಗಳನ್ನು 60-70 ಡಿಗ್ರಿ ಒವನ್‌ನಲ್ಲಿ ಅರ್ಧ ಗಂಟೆ ಇಟ್ಟು, ಸಿಲಿಕಾ ಜೆಲ್ ಪೊಟ್ಟಣವಿರುವ ಬಿಗಿ ಡಬ್ಬಿಯಲ್ಲಿ ಮುಚ್ಚಿಡಿ, ಬೇಕಾದಾಗ ಒಂದೊಂದೇ ತೆಗೆಯಿರಿ. ವಿಜಯಪುರದ ಒಣ ಹವೆಯಲ್ಲಿ ಈ ಗೊಡವೆ ಇಲ್ಲ.

ಗೆರೆಯ ನಡುವೆ ಸಣ್ಣ ಗಾಜಿನ ಲೋಮನಾಳದಿಂದ (ಬಹಳ ಸಣ್ಣ ತೂತಿನ ಕೊಳವೆ) ಸಾರ ಮುಟ್ಟಿಸಿ. ಚುಕ್ಕೆ 3 ಮಿ.ಮೀ. ಮೀರಬಾರದು. ಮುಟ್ಟಿಸಿ, ಒಣಗಲು ಬಿಟ್ಟು, ಅದೇ ಜಾಗಕ್ಕೆ ಮತ್ತೆ ಮುಟ್ಟಿಸಿ. ಅಸಿಟೋನ್ ಸಾರವಾದರೆ 15-20 ಸಲ, ದಾಟಿಸಿದ ದಟ್ಟ ಸಾರವಾದರೆ ಅದಕ್ಕಿಂತ ಬಹಳ ಕಡಿಮೆ. ಬಾಯಿಂದ ಊದಿ ಒಣಗಿಸಬೇಡಿ, ಉಸಿರಿನ ತೇವ ನೇರ ಚುಕ್ಕೆಗೆ ಹೋಗುತ್ತದೆ. ಮಳೆಗಾಲದಲ್ಲಿ ಊದದಿದ್ದರೂ ಅಪಾಯವಿದೆ: ಅಸಿಟೋನ್ ಹಾರುವಾಗ ಕಾಗದ ತಣ್ಣಗಾಗಿ ಗಾಳಿಯ ತೇವವನ್ನು ತನ್ನ ಮೇಲೆ ಇಳಿಸಿಕೊಳ್ಳುತ್ತದೆ. ಕೂದಲು ಒಣಗಿಸುವ ಯಂತ್ರದ ಹಗುರ ಗಾಳಿ ದೂರದಿಂದ ಹಿಡಿಯಿರಿ, ಆದರೆ ಅದರ ಹತ್ತಿರ ದ್ರಾವಕದ ಬಾಟಲಿ ಇರಕೂಡದು.

ಬೊಟ್ಟಿನ ಬದಲು ಗೆರೆಗುಂಟ ಸಣ್ಣ ಅಡ್ಡಗೀಟಾಗಿ ಸಾರ ಹಚ್ಚಿದರೆ ಪಟ್ಟೆಗಳು ಇನ್ನೂ ಚಂದ ಬರುತ್ತವೆ. ಅಂಚಿನಿಂದ ಮೂರು ನಾಲ್ಕು ಮಿ.ಮೀ. ಬಿಟ್ಟಿರಬೇಕು. ಲೋಮನಾಳ, ಅಸಿಟೋನ್ ಇಲ್ಲದ ಶಾಲೆಗಳಲ್ಲಿ ಗೆರೆಯ ಮೇಲೆ ಎಲೆ ಇಟ್ಟು ರೂಪಾಯಿ ನಾಣ್ಯದ ಅಂಚನ್ನು ಒತ್ತಿ ಉರುಳಿಸಬಹುದು. ಪ್ರತಿ ಸಲ ಎಲೆಯ ಹೊಸ ಭಾಗ ಇಟ್ಟು ಎಂಟು ಹತ್ತು ಸಲ ಉರುಳಿಸಿದರೆ ಸಾಕಷ್ಟು ಬಣ್ಣ ಇಳಿಯುತ್ತದೆ. ಎಲೆಯ ನೀರೂ ಜೊತೆಗೆ ಇಳಿದಿರುತ್ತದಾದ್ದರಿಂದ ಪಟ್ಟಿ ಪೂರಾ ಒಣಗದೆ ಜಾಡಿಗೆ ಇಳಿಸಬಾರದು.

ಜಾಡಿಯೊಳಗೆ

ದ್ರಾವಕ: ಪೆಟ್ರೋಲಿಯಂ ಈಥರ್ 9 ಪಾಲು, ಅಸಿಟೋನ್ 1 ಪಾಲು. ಉದ್ದ ಜಾಡಿಗೆ 9 ಮಿ.ಲೀ. ಮತ್ತು 1 ಮಿ.ಲೀ. ಸಾಮಾನ್ಯವಾಗಿ ಸಾಕು, ತಳದಲ್ಲಿ 1 ಸೆಂ.ಮೀ. ನಿಂತರೆ ಸರಿ. ಅಂಗಡಿಯಲ್ಲಿ ಬರೀ "ಈಥರ್" ಎಂದು ಕೇಳಿದರೆ ಡೈಈಥೈಲ್ ಈಥರ್ ಕೊಟ್ಟಾರು. ಅದು ಬೇರೆಯೇ ವಸ್ತು. ಪೆಟ್ರೋಲಿಯಂ ಈಥರ್, ಅಸಿಟೋನ್ ಇವೆರಡರ ಪ್ರಮಾಣ ಫಲಿತಾಂಶವನ್ನು ಬಹಳವಾಗಿ ಆಳುತ್ತದೆ. ಅಸಿಟೋನ್ ಹೆಚ್ಚಾದರೆ ಎಲ್ಲ ಬಣ್ಣವೂ ಗುಂಪಾಗಿ ಮೇಲ್ತುದಿಗೆ ಓಡುತ್ತದೆ. ಬರೀ ಪೆಟ್ರೋಲಿಯಂ ಈಥರ್ ಆದರೆ ಕ್ಯಾರೊಟೀನ್ ಮಾತ್ರ ಓಡಿ ಹಸಿರು ಕೆಳಗೇ ಉಳಿಯುತ್ತದೆ.

ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಒಂದು ವಿಷಯಕ್ಕೆ ವಿಶೇಷ ಗಮನ ಬೇಕು. ಪೆಟ್ರೋಲಿಯಂ ಈಥರ್ ಕುದಿಬಿಂದುವಿನ ಮೇಲೆ 40-60, 60-80 ಎಂದು ಬೇರೆಬೇರೆ ಬಾಟಲಿಗಳಲ್ಲಿ ಬರುತ್ತದೆ. ಹೊರಗೆ 40 ಡಿಗ್ರಿ ದಾಟಿದ ದಿನ 40-60ರ ಬಾಟಲಿ ತೆರೆದರೆ ಅದು ಕುದಿಯುವ ಹೊಸ್ತಿಲಲ್ಲೇ ಇರುತ್ತದೆ. ಹಗುರ ಭಾಗ ಹಾರಿ ಮಿಶ್ರಣದ ಪ್ರಮಾಣ ನಿಮಿಷನಿಮಿಷಕ್ಕೂ ಬದಲಾಗುತ್ತದೆ, ಏರುತ್ತಿರುವ ದ್ರಾವಕ ಕಾಗದದ ಮೇಲಿಂದಲೇ ಆವಿಯಾಗಿ ಅರ್ಧಕ್ಕೆ ನಿಲ್ಲುತ್ತದೆ. ಅಲ್ಲಿ 60-80ರದ್ದನ್ನು ತರಿಸಿ, ಪ್ರಯೋಗವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ, ಮಿಶ್ರಣವನ್ನು ಪ್ರತಿ ಸಲ ಹೊಸದಾಗಿ ಮಾಡಿ. ಈ ಎರಡೂ ದ್ರಾವಕಗಳ ಆವಿ ಗಾಳಿಗಿಂತ ಭಾರ. ಮೇಜಿನಿಂದ ಇಳಿದು ನೆಲದುದ್ದಕ್ಕೂ ಹರಿದು ದೂರದ ಬೆಂಕಿಯನ್ನೂ ಮುಟ್ಟಬಲ್ಲದು. ಕೋಣೆಯಲ್ಲಿ ಸ್ಪಿರಿಟ್ ದೀಪ, ಬರ್ನರ್, ಬಿಸಿ ಹಾಟ್‌ಪ್ಲೇಟ್ ಯಾವುದೂ ಇರಬಾರದು, ಕಿಟಕಿ ತೆರೆದಿರಬೇಕು.

ಜಾಡಿಯ ಒಳಗೋಡೆಗೆ ಒಂದು ಫಿಲ್ಟರ್ ಕಾಗದ ಒರಗಿಸಿ, ದ್ರಾವಕ ಹಾಕಿ, ಮುಚ್ಚಿ 10-15 ನಿಮಿಷ ಬಿಡಿ. ಜಾಡಿ ಆವಿಯಿಂದ ತುಂಬಬೇಕು. ಈ ಹಂತ ಬಿಟ್ಟರೆ ಪಟ್ಟಿಯ ಅಂಚುಗಳಿಂದ ದ್ರಾವಕ ಆರಿ, ಮುಂಗೆರೆ (ಏರುತ್ತಿರುವ ದ್ರಾವಕದ ಮೇಲಂಚು) ನೇರವಾಗಿರದೆ ಬಿಲ್ಲಿನಂತೆ ಬಾಗುತ್ತದೆ. ಆಮೇಲೆ ಪಟ್ಟಿಯನ್ನು ಬೂಚಿನ ಕೊಕ್ಕೆಗೆ ಸಿಕ್ಕಿಸಿ ಇಳಿಬಿಡಿ. ತುದಿ ಅರ್ಧ ಸೆಂ.ಮೀ. ಮುಳುಗಿರಲಿ, ಚುಕ್ಕೆ ಮುಳುಗಿದರೆ ಬಣ್ಣ ಕೆಳಗಿನ ದ್ರಾವಕಕ್ಕೇ ಕರಗಿ ಹೋಗುತ್ತದೆ. ಪಟ್ಟಿ ಗಾಜಿಗೆ ತಾಗಬಾರದು, ತಾಗಿದ ಬದಿ ವೇಗವಾಗಿ ಏರಿ ಪಟ್ಟೆಗಳು ಓರೆಯಾಗುತ್ತವೆ. ಇಳಿಬಿಟ್ಟ ಮೇಲೆ ಜಾಡಿಯನ್ನು ಎತ್ತಿ ನೋಡುವುದು, ಅಲುಗಿಸುವುದು ಬೇಡ.

ದ್ರಾವಕ ಮೇಲ್ತುದಿಗೆ 2 ಸೆಂ.ಮೀ. ಇರುವಾಗ, ಸಾಮಾನ್ಯವಾಗಿ 15ರಿಂದ 30 ನಿಮಿಷದೊಳಗೆ, ಪಟ್ಟಿ ಹೊರತೆಗೆಯಿರಿ. ತೆಗೆದ ಕ್ಷಣವೇ ಮುಂಗೆರೆಯನ್ನು ಪೆನ್ಸಿಲ್‌ನಿಂದ ಗುರುತಿಸಿ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಆರಿ ಕಾಣದಾಗುತ್ತದೆ. ಪಟ್ಟೆಗಳ ಸುತ್ತಲೂ ಗೀಟು ಹಾಕಿ, ಪಕ್ಕದಲ್ಲಿ ಬಣ್ಣದ ಹೆಸರು ಬರೆಯಿರಿ. ಬೆಳಕಿನಲ್ಲಿಟ್ಟರೆ ಕ್ಯಾರೊಟೀನ್ ಎಲ್ಲಕ್ಕಿಂತ ಮೊದಲು ಮಾಸುತ್ತದೆ.

ಓದುವುದು

ಮೇಲಿನಿಂದ ಕೆಳಕ್ಕೆ: ಮುಂಗೆರೆಗೆ ಹತ್ತಿಕೊಂಡಂತೆ ಕಿತ್ತಳೆ ಛಾಯೆಯ ಹಳದಿ ಕ್ಯಾರೊಟೀನ್, ಅದರ ಕೆಳಗೆ ಹಳದಿ ಕ್ಸಾಂಥೋಫಿಲ್ (ಒಮ್ಮೊಮ್ಮೆ ಎರಡು ಪಟ್ಟೆ), ಆಮೇಲೆ ನೀಲಿಹಸಿರು ಕ್ಲೋರೋಫಿಲ್ ಎ, ಕೊನೆಗೆ ಹಳದಿಹಸಿರು ಕ್ಲೋರೋಫಿಲ್ ಬಿ. ಎ-ಯ ಪಟ್ಟೆ ಬಿ-ಗಿಂತ ದಟ್ಟವಾಗಿರುತ್ತದೆ, ಬಿಸಿಲಲ್ಲಿ ಬೆಳೆದ ಎಲೆಯಲ್ಲಿ ಎ ಸುಮಾರು ಮೂರು ಪಟ್ಟು ಇರುವುದರಿಂದ. ಕಾಗದದ ಬದಲು ಸಿಲಿಕಾ ಬಳಿದ ತಟ್ಟೆಯ ಮೇಲೆ ಮಾಡಿದ ಪ್ರಯೋಗದ ಚಿತ್ರಗಳಲ್ಲಿ ಕ್ಸಾಂಥೋಫಿಲ್ ಕ್ಲೋರೋಫಿಲ್‌ಗಳ ಕೆಳಗೆ ಕಾಣುವುದುಂಟು. ಅಲ್ಲಿ ಸ್ಥಿರ ಹಂತವೇ ಬೇರೆ, ಆ ಕ್ರಮವನ್ನು ಕಾಗದಕ್ಕೆ ಹಚ್ಚಬಾರದು.

ಆರ್‌ಎಫ್ ಮೌಲ್ಯವೆಂದರೆ ವರ್ಣಕ ಸಾಗಿದ ದೂರವನ್ನು ದ್ರಾವಕ ಸಾಗಿದ ದೂರದಿಂದ ಭಾಗಿಸಿದ್ದು. ಎರಡನ್ನೂ ಪೆನ್ಸಿಲ್ ಗೆರೆಯಿಂದ ಅಳೆಯಬೇಕು, ಕಾಗದದ ತುದಿಯಿಂದಲ್ಲ. ದ್ರಾವಕ 10 ಸೆಂ.ಮೀ. ಏರಿ, ಕ್ಲೋರೋಫಿಲ್ ಎ ಪಟ್ಟೆಯ ನಡುಭಾಗ 6.5 ಸೆಂ.ಮೀ.ನಲ್ಲಿದ್ದರೆ 0.65. ಈ ದ್ರಾವಕಕ್ಕೆ ಕೈಪಿಡಿಗಳು ಕೊಡುವ ಅಂಕಿಗಳು ಕ್ಯಾರೊಟೀನ್‌ಗೆ 0.95, ಕ್ಸಾಂಥೋಫಿಲ್‌ಗೆ 0.71, ಎ-ಗೆ 0.65, ಬಿ-ಗೆ 0.45ರ ಆಸುಪಾಸು. ಉಷ್ಣತೆ, ಕಾಗದದ ತೇವ, ಜಾಡಿಯ ಆವಿ, ಅಸಿಟೋನ್‌ನ ಅರ್ಧ ಮಿ.ಲೀ. ವ್ಯತ್ಯಾಸ ಇವನ್ನೆಲ್ಲ ಅಂಕಿಯೊಳಗೆ ಹೊತ್ತುಕೊಂಡೇ ಅವು ಬಂದಿವೆ. ನಿಮಗೆ ಎ-ಗೆ 0.58 ಬಂದರೆ 0.58 ಎಂದೇ ಬರೆಯಿರಿ, ಜೊತೆಗೆ ಕೋಣೆಯ ಉಷ್ಣತೆ, ದ್ರಾವಕದ ಪ್ರಮಾಣ ಬರೆಯಿರಿ. ಎರಡು ಎಲೆಗಳನ್ನು ಹೋಲಿಸುವುದಿದ್ದರೆ ಅಗಲ ಕಾಗದದ ಒಂದೇ ಗೆರೆಯ ಮೇಲೆ 2 ಸೆಂ.ಮೀ. ಅಂತರದಲ್ಲಿ ಎರಡನ್ನೂ ಇಟ್ಟು ಒಂದೇ ಜಾಡಿಯಲ್ಲಿ ಓಡಿಸಬೇಕು. ಉದುರುವ ಮೊದಲು ಹಳದಿಯಾದ ಅರಳಿ ಎಲೆ ಮತ್ತು ಅದೇ ಮರದ ಹಸಿರು ಎಲೆ ಇದಕ್ಕೆ ಒಳ್ಳೆಯ ಜೋಡಿ: ಹಳದಿ ಎಲೆಯಲ್ಲಿ ಹಸಿರು ಪಟ್ಟೆಗಳು ಮಾಯವಾಗಿ ಹಳದಿಗಳು ಉಳಿದಿರುತ್ತವೆ.

ಪಟ್ಟೆಗಳ ಬದಲು ಕೆಳಗಿನಿಂದ ಮೇಲಿನವರೆಗೆ ಹಸಿರು ಬಾಲ ಎಳೆದಿದ್ದರೆ ಸಾರ ಅತಿಯಾಗಿ ಹಾಕಿದ್ದೀರಿ. ಬಣ್ಣಗಳು ಬೇರೆಯಾಗಿದ್ದರೂ ತೀರ ಪೇಲವವಾಗಿದ್ದರೆ ಸಾಲದಾಗಿದೆ. ಮನೆಯಲ್ಲಿ ಸರ್ಜಿಕಲ್ ಸ್ಪಿರಿಟ್‌ನಿಂದ ಮಾಡಿದರೆ ಹಸಿರೊಂದು, ಅದರ ಅಂಚಿಗೆ ಹಳದಿಯೊಂದು ಕಾಣಬಹುದು, ನಾಲ್ಕನ್ನು ನಿರೀಕ್ಷಿಸಬೇಡಿ. ವಾಹನದ ಪೆಟ್ರೋಲನ್ನು ಪೆಟ್ರೋಲಿಯಂ ಈಥರ್ ಬದಲಿಗೆ ಬಳಸಲೇಬಾರದು. ಬೆಂಕಿಯ ಭಯ ಒಂದಾದರೆ, ಅದರಲ್ಲಿರುವ ಬೆಂಜೀನ್ ಇನ್ನೊಂದು. ಉಳಿದ ದ್ರಾವಕವನ್ನು ಬಚ್ಚಲಿಗೆ ಸುರಿಯದೆ ಹೆಸರು ಬರೆದ ಬಾಟಲಿಯಲ್ಲಿ ಕೂಡಿಡಿ.

ಕೆಂಪು ಬಣ್ಣಗಳ ಮಾತು ಬೇರೆ

ಕೆಂಪು ರಾಜಗಿರಿ ಪಲ್ಲೆ ತಂದವರು ಕೆಂಪು ಪಟ್ಟೆ ಎಲ್ಲಿ ಎಂದು ಹುಡುಕುತ್ತಾರೆ. ಅದು ಗೆರೆಯ ಮೇಲೇ ಇರುತ್ತದೆ. ಆ ಕೆಂಪು ಬೀಟಾಸಯಾನಿನ್, ಬೀಟ್‌ರೂಟ್‌ನಲ್ಲಿರುವ ಕುಲದ್ದು. ವಿಜಯಪುರದ ಕಪ್ಪು ದ್ರಾಕ್ಷಿಯ ಸಿಪ್ಪೆಯದ್ದು ಆಂಥೋಸಯಾನಿನ್. ಎರಡೂ ನೀರಿನಲ್ಲಿ ಕರಗುವಂಥವು, ಪೆಟ್ರೋಲಿಯಂ ಈಥರ್ ಅವನ್ನು ಅಲುಗಿಸದು. ದ್ರಾಕ್ಷಿ ಸಿಪ್ಪೆಗೆ ಮೇಲಿನ ಎಚ್ಚರಿಕೆಗಳೂ ತಲೆಕೆಳಗಾಗುತ್ತವೆ: ಕಾರ್ಬೊನೇಟ್ ಹಾಕಬಾರದು, ಆಮ್ಲವೇ ಬೇಕು. ನೂರಕ್ಕೆ ಒಂದು ಪಾಲು ಹೈಡ್ರೊಕ್ಲೋರಿಕ್ ಆಮ್ಲವಿರುವ ಮೆಥನಾಲ್‌ನಲ್ಲಿ ಸಿಪ್ಪೆ ನೆನೆಸಿದರೆ ಬಣ್ಣ ಕೆಂಪಾಗಿ ಇಳಿಯುತ್ತದೆ. ಮೆಥನಾಲ್ ವಿಷ, ಕೈಗವಸು ಹಾಕಿ, ಉಸಿರಿಗೆ ತಾಗದಂತೆ ನೋಡಿಕೊಳ್ಳಿ. ಓಡಿಸಲು ಬ್ಯೂಟನಾಲ್, ಅಸಿಟಿಕ್ ಆಮ್ಲ, ನೀರು 4:1:5 ಪ್ರಮಾಣದಲ್ಲಿ ಕುಲುಕಿ, ನಿಂತ ಮೇಲೆ ಮೇಲಿನ ಪದರವನ್ನಷ್ಟೇ ಜಾಡಿಗೆ ಹಾಕಬೇಕು. ಬ್ಯೂಟನಾಲ್ ದಪ್ಪ ದ್ರವ, ನಿಧಾನ ಏರುತ್ತದೆ. ಒಂದು ಪೀರಿಯಡ್‌ನಲ್ಲಿ ಮುಗಿಯುವ ಕೆಲಸವಲ್ಲ, ಹಲವು ಗಂಟೆ ಹಿಡಿಯುತ್ತದೆ. ಬೆಳಗ್ಗೆ ಕಾಲೇಜು ತೆರೆದ ಕೂಡಲೇ ಇಳಿಬಿಟ್ಟರೆ ಮಧ್ಯಾಹ್ನದ ಪ್ರಾಯೋಗಿಕ ತರಗತಿಗೆ ಪಟ್ಟಿ ಸಿದ್ಧವಿರುತ್ತದೆ.